ಸಣ್ಣ ದೀಪ, ದೊಡ್ಡ ಹೊಣೆ

ಮೈಕೇಲ್ ಫ್ಯಾರಡೆಯು ೧೮೬೦-೬೧ರ ಕ್ರಿಸ್‌ಮಸ್ ಕಾಲದಲ್ಲಿ ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಎಳೆಯರಿಗಾಗಿ ಆರು ಉಪನ್ಯಾಸಗಳನ್ನು ನೀಡಿದನು. ಆರಕ್ಕೂ ವಿಷಯ ಒಂದೇ: ಮೇಣದ ಬತ್ತಿ. ಮೇಣವು ಕರಗುವುದು, ಕೇಶಾಕರ್ಷಣೆಯಿಂದ ಬತ್ತಿಯ ನೂಲಿನಲ್ಲಿ ಮೇಲೇರುವುದು, ಅಲ್ಲಿ ಆವಿಯಾಗುವುದು, ಆ ಆವಿಯೇ ಗಾಳಿಯೊಡನೆ ಸೇರಿ ಉರಿಯುವುದು. ಇಷ್ಟೆಲ್ಲ ವಿಜ್ಞಾನವು ಅಂಗೈಯಗಲದ ವಸ್ತುವೊಂದರಲ್ಲಿ ಅಡಗಿದೆಯೆಂಬುದನ್ನು ಅವನು ತೋರಿಸಿಕೊಟ್ಟನು. ನಾನು ಇಲ್ಲಿ ಹೇಳಹೊರಟಿರುವುದು ಆ ಜ್ವಾಲೆಯ ಸೊಬಗನ್ನಲ್ಲ. ಅದನ್ನು ತಯಾರಿಸಿ ಮಾರುವವರ ಹೊಣೆಯನ್ನು.

ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಯಲ್ಲಿಯೇ ಗಾಜಿನ ಲೋಟಗಳಲ್ಲಿ ಸುಗಂಧದ ಮೇಣದ ಬತ್ತಿಗಳನ್ನು ಎರಕಹೊಯ್ದು ಮಾರುತ್ತಾಳೆ. ಒಂದು ದೀಪಾವಳಿಯಲ್ಲಿ ಅವಳು ಮಾರಿದ ಲೋಟವೊಂದು ಉರಿಯುತ್ತಿರುವಾಗಲೇ ಒಡೆದು, ಕೊಂಡವರ ಮೇಜಿನ ಬಟ್ಟೆ ಸುಟ್ಟಿತು. ಪುಣ್ಯವಶಾತ್ ಯಾರಿಗೂ ಗಾಯವಾಗಲಿಲ್ಲ. ಅವಳು ಒಡೆದ ಚೂರುಗಳನ್ನು ಕಾಗದದಲ್ಲಿ ಸುತ್ತಿಕೊಂಡು ನನ್ನ ಬಳಿಗೆ ಬಂದು ಎರಡು ಪ್ರಶ್ನೆಗಳನ್ನು ಕೇಳಿದಳು: "ಇದು ಏಕೆ ಒಡೆಯಿತು? ಉಳಿದವರಿಗೆಲ್ಲ ನಾನು ತಿಳಿಸಬೇಕೇ?"

ಮೊದಲನೆಯದಕ್ಕೆ ಉತ್ತರ ನಮ್ಮ ಪಠ್ಯಪುಸ್ತಕದಲ್ಲಿಯೇ ಇದೆ. ಸಾಧಾರಣ ಸೋಡಾ ಗಾಜಿನ ಉದ್ದವು ಒಂದು ಡಿಗ್ರಿ ಸೆಂಟಿಗ್ರೇಡ್ ಉಷ್ಣತೆ ಏರಿದಾಗ ಹತ್ತು ಲಕ್ಷದಲ್ಲಿ ಸುಮಾರು ೯ ಭಾಗ ಹೆಚ್ಚುವುದು. ಪ್ರಯೋಗಶಾಲೆಯ ಬೋರೋಸಿಲಿಕೇಟ್ ಗಾಜಿನದು ೩ ಭಾಗಕ್ಕೆ ತುಸು ಮೇಲೆ. ಗಾಜು ಉಷ್ಣದ ದುರ್ವಾಹಕವಾದುದರಿಂದ, ಜ್ವಾಲೆಗೆ ಹತ್ತಿರವಾದ ಕಡೆ ಹಿಗ್ಗಿದರೂ ದೂರದ ಭಾಗವು ತಣ್ಣಗೆ ಹಾಗೆಯೇ ಇರುವುದು. ಈ ಎಳೆದಾಟದಿಂದ ಒತ್ತಡವುಂಟಾಗಿ, ಕಣ್ಣಿಗೆ ಕಾಣದ ಗೀರೊಂದರಿಂದ ಬಿರುಕು ಹೊರಡುವುದು. ತಳದಲ್ಲಿ ಗಟ್ಟಿಮೇಣ ಉಳಿದಿರುವ ತನಕ ಭಯವು ಕಡಿಮೆ; ಏಕೆಂದರೆ ಪ್ಯಾರಫಿನ್ ಮೇಣವು ಸುಮಾರು ೫೦ರಿಂದ ೬೫ ಡಿಗ್ರಿಗಳಲ್ಲಿ ಕರಗುವುದರಿಂದ, ಗಟ್ಟಿಮೇಣದ ಕೆಳಗಿನ ಗಾಜು ಅದಕ್ಕಿಂತ ಹೆಚ್ಚು ಕಾಯಲಾರದು. ಆ ಕಾವಲು ಕರಗಿಹೋದೊಡನೆ ಜ್ವಾಲೆಯ ಕಾವು ನೇರವಾಗಿ ತಳಕ್ಕೆ ತಗಲುವುದು. ಆದಕಾರಣವೇ ಕೊನೆಯ ಅರ್ಧ ಅಂಗುಲದಷ್ಟು ಮೇಣವನ್ನು ಉರಿಸದೆ ಬಿಡಬೇಕೆಂದು ಹೇಳುವುದು.

ವಿಚಾರಿಸಿದಾಗ ತಿಳಿದುದಿಷ್ಟು: ಅಂಗಡಿಯವನು ಆ ಸಲ ತೆಳುವಾದ ಬೇರೆ ಲೋಟಗಳನ್ನು ಕೊಟ್ಟಿದ್ದನು, ಬತ್ತಿಯೂ ನಡುವೆ ನಿಲ್ಲದೆ ಒಂದು ಬದಿಗೆ ವಾಲಿತ್ತು. ಅವಳು ಆ ಸಲ ಎರಕಹೊಯ್ದದ್ದು ೨೪ ಲೋಟಗಳು. ಅವು ಯಾರ ಯಾರ ಮನೆಗೆ ಹೋದುವೆಂದು ಕೇಳಿದೆ. ಅವಳು ಸುಮ್ಮನಾದಳು. ಬರೆದಿಟ್ಟಿರಲಿಲ್ಲ.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ, "ತಿಳಿಸಲೇಬೇಕು" ಎಂಬುದು. ಮಾರಿದ ಸರಕನ್ನು ಹಿಂದಕ್ಕೆ ಕರೆಯುವುದೆಂದರೆ ನಮ್ಮಲ್ಲಿ ಅಪಮಾನವೆಂಬ ಭಾವನೆಯಿದೆ. ಆದರೆ ಪ್ರಯೋಗದಲ್ಲಿ ತಪ್ಪು ಕಂಡಾಗ ಅದನ್ನು ಪ್ರಕಟಿಸುವವನನ್ನು ನಾವು ಪ್ರಾಮಾಣಿಕನೆನ್ನುತ್ತೇವೆ, ಮುಚ್ಚಿಡುವವನನ್ನಲ್ಲ. ವ್ಯಾಪಾರಕ್ಕೆ ಬೇರೆ ನೀತಿಯೇಕೆ? ಅಮೆರಿಕದಲ್ಲಿ ೧೯೭೨ರ ಗ್ರಾಹಕ ವಸ್ತು ಸುರಕ್ಷತಾ ಶಾಸನದ ಮೇರೆಗೆ, ತನ್ನ ವಸ್ತುವಿನಲ್ಲಿ ಗಂಭೀರ ಅಪಾಯವಿದೆಯೆಂದು ತಿಳಿದ ತಯಾರಕನು ೨೪ ಗಂಟೆಗಳೊಳಗೆ ಸರ್ಕಾರಕ್ಕೆ ವರದಿಮಾಡತಕ್ಕದ್ದು. ಅಲ್ಲಿನ ದೊಡ್ಡ ಮಾರಾಟ ಸಂಸ್ಥೆಯೊಂದು ೨೦೨೩ರಲ್ಲಿ, ಗಾಜು ಒಡೆಯುವ ಕಾರಣಕ್ಕಾಗಿಯೇ, ಸುಮಾರು ೪೯ ಲಕ್ಷ ಮೇಣದ ಬತ್ತಿಗಳನ್ನು ಹಿಂದಕ್ಕೆ ಕರೆಯಿತು. ನಮ್ಮ ದೇಶದಲ್ಲಿಯೂ ೨೦೧೯ರ ಗ್ರಾಹಕ ಸಂರಕ್ಷಣಾ ಕಾಯಿದೆಯು ಅಪಾಯಕರ ಸರಕನ್ನು ಹಿಂದಕ್ಕೆ ಕರೆಸುವ ಅಧಿಕಾರವನ್ನು ಕೇಂದ್ರ ಪ್ರಾಧಿಕಾರವೊಂದಕ್ಕೆ ಕೊಟ್ಟಿದೆ.

ಸಣ್ಣವರ ಮೇಲೆ ಇಷ್ಟೊಂದು ಭಾರ ಹೊರಿಸುವುದು ನ್ಯಾಯವೇ ಎಂದು ಕೆಲವರು ಕೇಳಬಹುದು. ಈ ಆಕ್ಷೇಪವನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಮೇಣದ ಬತ್ತಿಯ ತಯಾರಿಕೆಯು ೨೦೧೫ರವರೆಗೂ ಸಣ್ಣ ಕೈಗಾರಿಕೆಗಳಿಗೆಂದೇ ಮೀಸಲಾಗಿದ್ದ ಕಸಬು; ಎಷ್ಟೋ ಮನೆಗಳ ಒಲೆ ಅದರಿಂದ ಉರಿಯುತ್ತದೆ. ಆದರೆ ಜ್ವಾಲೆಗೆ ದೊಡ್ಡವರು ಚಿಕ್ಕವರೆಂಬ ಭೇದವಿಲ್ಲ. ಅಲ್ಲದೆ ಇಲ್ಲಿ ಬೇಕಾದ ಸಾಧನಗಳಾದರೂ ಯಾವುವು? ಒಂದು ಪುಸ್ತಕ, ಒಂದು ಗಡಿಯಾರ, ಒಂದು ಉಷ್ಣಮಾಪಕ. ಪ್ರತಿ ಎರಕಕ್ಕೂ ಒಂದು ಸಂಖ್ಯೆ ಕೊಟ್ಟು ಲೋಟದ ತಳದಲ್ಲಿ ಅಂಟಿಸಬೇಕು. ಮೇಣ, ನೂಲು, ಸುಗಂಧ, ಲೋಟ ಎಲ್ಲಿಂದ ಬಂದುವು, ಯಾರಿಗೆ ಹೋದುವು ಎಂಬುದನ್ನು ಬರೆದಿಡಬೇಕು. ಪ್ರತಿ ಎರಕದಲ್ಲಿ ಒಂದನ್ನಾದರೂ ತಾನೇ ಕಣ್ಣೆದುರಿಗೆ ಕೊನೆಯವರೆಗೆ ಉರಿಸಿ ನೋಡಬೇಕು. ಲೆಕ್ಕವಿಟ್ಟವಳಿಗೆ ೨೪ ಲೋಟಗಳನ್ನು ಹಿಂದಕ್ಕೆ ಕರೆದರೆ ಸಾಕು. ಲೆಕ್ಕವಿಡದವಳು ಇಡೀ ವರ್ಷದ ಸರಕನ್ನೇ ಸಂಶಯಿಸಬೇಕಾಗುವುದು. ಆದ್ದರಿಂದ ಈ ಶಿಸ್ತು ಸಣ್ಣ ತಯಾರಕರಿಗೆ ಭಾರವಲ್ಲ, ಅವರ ರಕ್ಷೆ.

ಇಲ್ಲಿ ನಮ್ಮ ಕಾಲೇಜುಗಳ ಕರ್ತವ್ಯವೂ ಇದೆ. ನಮ್ಮ ಪ್ರಯೋಗಶಾಲೆಗಳು ಸಂಜೆಯ ಹೊತ್ತು ಬೀಗ ಹಾಕಿಕೊಂಡಿರುತ್ತವೆ. ಊರಿನ ಮೇಣದ ಬತ್ತಿಯವರು ತಮ್ಮ ಲೋಟಗಳನ್ನು ತಂದುಕೊಟ್ಟರೆ, ಜ್ವಾಲೆಯ ಎತ್ತರವನ್ನೂ ಗಾಜಿನ ಉಷ್ಣತೆಯನ್ನೂ ಗಂಟೆಗೊಮ್ಮೆ ಅಳೆದು ಬರೆಯುವ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಬಲ್ಲರು. ವ್ಯಾಕೋಚನದ ಪಾಠವನ್ನು ಕಲಿಯಲು ಇದಕ್ಕಿಂತ ಒಳ್ಳೆಯ ಮಾರ್ಗವನ್ನು ನಾನು ಕಾಣೆ.

ಕೊಳ್ಳುವವರಿಗೂ ಎರಡು ಮಾತು. ಬತ್ತಿಯ ನೂಲನ್ನು ಕಾಲಂಗುಲಕ್ಕೆ ಕತ್ತರಿಸಿ ಹಚ್ಚಿರಿ; ಪರದೆ, ಪುಸ್ತಕಗಳಿಂದ ಒಂದಡಿಯಾದರೂ ದೂರವಿಡಿರಿ. ಕಾದ ಮೇಣಕ್ಕೆ ಬೆಂಕಿ ಹತ್ತಿದರೆ ನೀರನ್ನು ಮಾತ್ರ ಸುರಿಯಬೇಡಿರಿ. ಮೇಣಕ್ಕಿಂತ ಭಾರವಾದ ನೀರು ಕೆಳಗಿಳಿದು, ಒಮ್ಮೆಲೇ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಗಾತ್ರದ ಉಗಿಯಾಗಿ, ಉರಿಯುವ ಮೇಣವನ್ನು ನಾಲ್ಕು ದಿಕ್ಕಿಗೆ ಎರಚುವುದು. ಲೋಹದ ಮುಚ್ಚಳವೊಂದನ್ನು ಮುಚ್ಚಿದರೆ ಸಾಕು.

ನನ್ನ ವಿದ್ಯಾರ್ಥಿನಿಯು ನೆನಪಿಗೆ ಬಂದವರ ಮನೆಗಳಿಗೆಲ್ಲ ತಾನೇ ಹೋಗಿ, ಹಣವನ್ನು ಹಿಂದಕ್ಕೆ ಕೊಟ್ಟು, ೧೭ ಲೋಟಗಳನ್ನು ತಂದಳು. ಯಾರೂ ಅವಳನ್ನು ಹೀನಾಯವಾಗಿ ಕಾಣಲಿಲ್ಲ. ಹಲವರು ಪುನಃ ಅವಳಿಂದಲೇ ಕೊಂಡರು. ಈಗ ಅವಳ ಮೇಜಿನ ಮೇಲೆ ಲೆಕ್ಕದ ಪುಸ್ತಕವೊಂದಿದೆ. ಅದರ ಮೊದಲನೆಯ ಪುಟದಲ್ಲಿ ಅವಳು ಬರೆದಿರುವುದು, ಇನ್ನೂ ಪತ್ತೆಯಾಗದ ಆರು ಲೋಟಗಳ ವಿಷಯ.