ಪುಸ್ತಕದ ರಿಯಾಯಿತಿ ನಮ್ಮೂರಿಗೂ ಬರಲಿ

ನವೆಂಬರ್ ಬಂತೆಂದರೆ ಕನ್ನಡ ಪುಸ್ತಕಗಳಿಗೆ ರಿಯಾಯಿತಿಯ ಕಾಲ. ರಾಜ್ಯ ಸರಕಾರದ ಕನ್ನಡ ಪುಸ್ತಕ ಪ್ರಾಧಿಕಾರ ತನ್ನ ಪ್ರಕಟಣೆಗಳನ್ನು ಈ ತಿಂಗಳಲ್ಲಿ ಅರ್ಧ ಬೆಲೆಗೆ ಕೊಟ್ಟದ್ದುಂಟು. ಸಪ್ನ, ನವಕರ್ನಾಟಕದಂತಹ ಮಳಿಗೆಗಳೂ ರಾಜ್ಯೋತ್ಸವದ ಹೆಸರಿನಲ್ಲಿ ಬೆಲೆಯಲ್ಲಿ ಒಂದಷ್ಟು ಬಿಡುವುದು ರೂಢಿ. ಆದರೆ ಇಂತಹ ದೊಡ್ಡ ಮಳಿಗೆಗಳಿರುವುದು ಬೆಂಗಳೂರು, ಮಂಗಳೂರು, ಮೈಸೂರಿನಂತಹ ನಗರಗಳಲ್ಲಿ. ಅರಸೀಕೆರೆ, ಬೇಲೂರು, ಹಳೇಬೀಡಿನ ನಮ್ಮ ಮನೆಗಳಿಗೆ ಆ ರಿಯಾಯಿತಿ ಪತ್ರಿಕೆಯ ಜಾಹೀರಾತಿನಲ್ಲಿ ಓದಲಿಕ್ಕೆ ಮಾತ್ರ ಸಿಗುತ್ತದೆ.

ಕಾಫಿ, ಕಾಳುಮೆಣಸು, ಕೊಬ್ಬರಿ, ಅಡಿಕೆ ಎಂದು ಘಟ್ಟ ಹತ್ತಿ ಬಂದ ನಮ್ಮವರು ಧಾರಣೆ ಎಲ್ಲಿ ಎಷ್ಟಿದೆ ಎಂದು ನಾಲ್ಕು ಕಡೆ ಫೋನ್ ಮಾಡಿ ಕೇಳದೆ ಮಾಲು ಕೊಡುವವರಲ್ಲ. ಈದ್ ಬಟ್ಟೆಗೆ ಮೂರು ಅಂಗಡಿ ಹತ್ತಿ ಇಳಿಯುತ್ತೇವೆ. ಪುಸ್ತಕದ ವಿಷಯಕ್ಕೆ ಬಂದಾಗ ಮಾತ್ರ ಎರಡೇ ದಾರಿ: ಹೇಳಿದ ಬೆಲೆ ಕೊಡುವುದು, ಇಲ್ಲವೇ ‘ಈ ವರ್ಷ ಬೇಡ’ ಎನ್ನುವುದು. ವ್ಯಾಪಾರದಲ್ಲಿ ಇರುವ ಬುದ್ಧಿಯನ್ನು ಸ್ವಲ್ಪ ಇಲ್ಲಿಗೂ ಬಳಸಿದರೆ ನಷ್ಟವೇನೂ ಇಲ್ಲ.

ಮೊದಲು ತಿಳಿಯಬೇಕಾದದ್ದು, ರಿಯಾಯಿತಿಯ ಶೇಕಡಾ ಲೆಕ್ಕ ಬೇರೆ, ಕೈಯಿಂದ ಹೋಗುವ ದುಡ್ಡು ಬೇರೆ. 300 ರೂಪಾಯಿಯ ಪುಸ್ತಕಕ್ಕೆ ಶೇ. 20 ಬಿಟ್ಟರೆ 240 ಆಯಿತು. ಅದನ್ನು ಮನೆಗೆ ತರಿಸಲು 60 ರೂಪಾಯಿ ಸಾಗಾಟದ ಖರ್ಚಾದರೆ ಮತ್ತೆ 300. ಉಳಿದದ್ದು ಸೊನ್ನೆ. ಅದೇ ಪುಸ್ತಕವನ್ನು ಐದು ಮನೆಯವರು ಸೇರಿ ಐದು ಪ್ರತಿ ತರಿಸಿದರೆ 1,500ರ ಮಾಲು 1,200ಕ್ಕೆ ಬರುತ್ತದೆ. ಸಾಗಾಟಕ್ಕೆ ನೂರು ರೂಪಾಯಿ ಹೋದರೂ ಮನೆಗೆ 40 ರೂಪಾಯಿ ಉಳಿಯಿತು. ಸಣ್ಣ ಊರಿನವರಿಗೆ ರಿಯಾಯಿತಿ ಸಿಗುವುದು ಒಟ್ಟಾಗಿ ಕೊಂಡಾಗ. ಒಬ್ಬೊಬ್ಬರೇ ಕೊಂಡರೆ ಅದು ದಾರಿಯಲ್ಲೇ ಕರಗಿ ಹೋಗುತ್ತದೆ.

ಕೂಪನ್‌ಗಳ ವಿಷಯದಲ್ಲಿ ಇನ್ನೂ ಜಾಗ್ರತೆ ಬೇಕು. ನಮ್ಮಲ್ಲೇ ಒಬ್ಬರ ಕೈಗೆ ಒಮ್ಮೆ 500 ರೂಪಾಯಿಯ ಕೂಪನ್ ಸಿಕ್ಕಿತು. ಬೇಕಾಗಿದ್ದದ್ದು 350 ರೂಪಾಯಿಯ ಒಂದು ವ್ಯಾಕರಣ ಪುಸ್ತಕ. ಬಿಲ್ಲು ಮಾಡುವಾಗ ಗೊತ್ತಾಯಿತು, 2,000 ರೂಪಾಯಿಯ ಖರೀದಿಗೆ ಮಾತ್ರ ಕೂಪನ್ ನಡೆಯುತ್ತದೆ. ಬಿಡಲು ಮನಸ್ಸಾಗಲಿಲ್ಲ. ಬಣ್ಣಬಣ್ಣದ ಪುಸ್ತಕಗಳನ್ನೆಲ್ಲ ಸೇರಿಸಿ 2,000 ಮಾಡಿ, 1,500 ಕೊಟ್ಟು ಬಂದರು. ಉಳಿಸಲು ಹೋಗಿ ಖರ್ಚಾದದ್ದು 1,150 ರೂಪಾಯಿ ಜಾಸ್ತಿ. ಆ ಪುಸ್ತಕಗಳು ಇಂದಿಗೂ ಕಪಾಟಿನಲ್ಲಿ ಹಾಗೇ ಇವೆ. ಹಾಗಾಗಿ ಕೂಪನ್ ನೋಡಿದ ಕೂಡಲೇ ಮೂರು ಪ್ರಶ್ನೆ ಕೇಳಿ: ಕನಿಷ್ಠ ಎಷ್ಟರ ಖರೀದಿ? ಯಾವ ತಾರೀಕಿನ ತನಕ? ಈಗಿನ ಬಿಲ್ಲಿಗೋ, ಮುಂದಿನ ಬಿಲ್ಲಿಗೋ? ವಾಟ್ಸ್ಆ್ಯಪ್‌ನಲ್ಲಿ ಬರುವ ‘ಉಚಿತ ಕೂಪನ್’ ಲಿಂಕ್‌ಗಳನ್ನಂತೂ ಮುಟ್ಟಲೇ ಬೇಡಿ. ಓಟಿಪಿ ಕೇಳುವ ಕೂಪನ್ ಕೂಪನ್ ಅಲ್ಲ, ಜೇಬುಗಳ್ಳತನ.

ಇನ್ನು ಕೆಲವು ಉಳಿತಾಯಕ್ಕೆ ಕೂಪನ್ನೇ ಬೇಡ, ವಿಷಯ ಗೊತ್ತಿದ್ದರೆ ಸಾಕು. ಅಚ್ಚಾದ ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ. 2025ರ ಸೆಪ್ಟೆಂಬರ್ 22ರಿಂದ ನೋಟ್‌ಬುಕ್, ಪೆನ್ಸಿಲ್, ರಬ್ಬರ್, ಶಾರ್ಪ್‌ನರ್‌ಗಳ ಮೇಲೂ ತೆರಿಗೆ ತೆಗೆದಿದ್ದಾರೆ. ನೋಟ್‌ಬುಕ್‌ಗೆ ಮೊದಲು ಶೇ. 12 ಇತ್ತು. ಬಿಲ್ಲಿನಲ್ಲಿ ಇವುಗಳಿಗೆ ತೆರಿಗೆ ಹಾಕಿದ್ದರೆ ಕೇಳುವ ಹಕ್ಕು ನಮಗಿದೆ. 9ರಿಂದ 12ನೇ ತರಗತಿಯ ಪಠ್ಯಪುಸ್ತಕಗಳ ಬೆಲೆಯನ್ನು ಶೇ. 20ರಷ್ಟು ಇಳಿಸುವುದಾಗಿ ಎನ್‌ಸಿಇಆರ್‌ಟಿ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತ್ತು. ಪಿಯುಸಿ ವಿಜ್ಞಾನ ಓದುವ ಮಕ್ಕಳಿರುವ ಮನೆಯವರು ದಪ್ಪ ಗೈಡ್‌ಗೆ ಸಾವಿರಗಟ್ಟಲೆ ಸುರಿಯುವ ಮೊದಲು ಇದನ್ನು ನೋಡಬೇಕು. ಎನ್‌ಸಿಇಆರ್‌ಟಿಯದ್ದಾಗಲಿ, ನಮ್ಮ ರಾಜ್ಯದ ಪಠ್ಯಪುಸ್ತಕ ಸಂಘದ್ದಾಗಲಿ, ಪಠ್ಯಗಳು ಅವರ ಜಾಲತಾಣದಲ್ಲೇ ಪುಕ್ಕಟೆ ಸಿಗುತ್ತವೆ. ಆದರೆ ಕಥೆಗಾರರು ಕಷ್ಟಪಟ್ಟು ಬರೆದದ್ದನ್ನು ಕದ್ದು ಪಿಡಿಎಫ್ ಮಾಡಿ ಹಂಚುವುದನ್ನು ಉಳಿತಾಯ ಎನ್ನಲಾಗದು.

ಅಂಚೆ ಇಲಾಖೆ 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಆರಂಭಿಸಿದೆ. ಶೈಕ್ಷಣಿಕ, ಸಾಂಸ್ಕೃತಿಕ, ಧಾರ್ಮಿಕ ಪುಸ್ತಕಗಳಿಗೆ ಇದು ಅನ್ವಯ. ಶುರುವಾದಾಗ ನಿಗದಿ ಮಾಡಿದ ದರ 300 ಗ್ರಾಂ ತನಕ 20 ರೂಪಾಯಿ, 5 ಕಿಲೋ ತನಕ ಹೋದರೂ 100 ರೂಪಾಯಿ, ಮೇಲೆ ತೆರಿಗೆ. ಮಂಗಳೂರಿನಲ್ಲಿ ಕಾಲೇಜು ಮುಗಿಸಿದ ಅಣ್ಣನ ಪುಸ್ತಕಗಳು ಬೇಲೂರಿನ ತಂಗಿಗೆ ಬರಲು ಇಷ್ಟು ಸಾಕು. ಮದುವೆಗೋ ಆಸ್ಪತ್ರೆಗೋ ಎಂದು ನಾವು ಊರಿಗೆ ಹೋಗುವುದು ಹೇಗೂ ಇದ್ದೇ ಇದೆ. ಬರುವಾಗ ಒಣಮೀನಿನ ಕಟ್ಟಿನ ಜೊತೆಗೆ ಪುಸ್ತಕದ ಕಟ್ಟೂ ಒಂದು ಇರಲಿ. ಶಾಂತಿ ಪ್ರಕಾಶನದ ಪುಸ್ತಕಗಳು, ಬ್ಯಾರಿ ಸಾಹಿತ್ಯ ಅಕಾಡೆಮಿಯ ಪ್ರಕಟಣೆಗಳು ಅಲ್ಲೇ ಸಿಗುತ್ತವೆ. ಹಾಸನದ ತನಕ ಹೋಗಿ ಪುಸ್ತಕ ನೋಡಿ ಬರಲು ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆಯ ಬಸ್ಸಿದೆ. 2023ರ ಜೂನ್ 11ರಿಂದ ಸರಕಾರಿ ಸಾಮಾನ್ಯ ಬಸ್ಸಿನಲ್ಲಿ ಅವರಿಗೆ ಟಿಕೆಟ್ ದುಡ್ಡಿಲ್ಲ. ಉಮ್ಮ ಮಗಳನ್ನು ಕರೆದುಕೊಂಡು ಹೋಗಿ, ಅವಳ ಕೈಯಿಂದಲೇ ಒಂದು ಪುಸ್ತಕ ಆರಿಸಲಿ.

ಗ್ರಂಥಾಲಯವನ್ನೂ ಮರೆಯಬಾರದು. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರವೂ ಹೋಗುತ್ತಿದೆ. ಗ್ರಾಮ ಪಂಚಾಯತ್‌ನ ‘ಅರಿವು ಕೇಂದ್ರ’ದಲ್ಲಿ ನಮ್ಮ ಮಕ್ಕಳ ಹೆಸರು ಇಲ್ಲದಿದ್ದರೆ, ದುಡ್ಡು ಕೊಟ್ಟ ಮಾಲನ್ನು ನಾವೇ ಬಿಟ್ಟು ಬಂದ ಹಾಗಾಯಿತು.

ಇಷ್ಟೆಲ್ಲ ಲೆಕ್ಕ ಯಾಕೆ ಎಂದು ಕೇಳಬಹುದು. ಮನೆಯಲ್ಲಿ ಕೈ ಬಿಗಿಯಾದಾಗ ಮೊದಲು ಕಡಿತವಾಗುವುದು ಪುಸ್ತಕ. ಅದರಲ್ಲೂ ಹೆಣ್ಣುಮಗಳ ಪುಸ್ತಕ. ‘ಅಣ್ಣನದ್ದು ಇದೆಯಲ್ಲ, ಅದನ್ನೇ ಓದು’ ಎಂದು ಶುರುವಾಗಿ, ಟೆಸ್ಟ್ ಪೇಪರ್ ಇಲ್ಲ, ಗೈಡ್ ಇಲ್ಲ ಎಂದಾಗಿ, ಕೊನೆಗೆ ಅಂಕ ಕಡಿಮೆ ಬಂದಾಗ ‘ಓದಿದ್ದು ಸಾಕು’ ಎನ್ನುವಲ್ಲಿಗೆ ಮುಟ್ಟುತ್ತದೆ. ಐನೂರು ರೂಪಾಯಿಯ ಲೆಕ್ಕದಲ್ಲಿ ಒಂದು ಹುಡುಗಿಯ ಓದು ನಿಂತುಹೋಗಬಾರದು. 2025ರ ಮೇ 20ರಂದು ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆದ ಬಾನು ಮುಷ್ತಾಕ್ ನಮ್ಮ ಹಾಸನದವರು. ಅಂದು ನಾವೆಲ್ಲ ಅವರ ಫೋಟೋವನ್ನು ಸ್ಟೇಟಸ್‌ಗೆ ಹಾಕಿದೆವು. ಅವರದ್ದೊಂದು ಪುಸ್ತಕ ನಮ್ಮಲ್ಲಿ ಎಷ್ಟು ಮನೆಗಳಲ್ಲಿದೆ? ಈ ಪ್ರಶ್ನೆಯನ್ನು ನಮಗೆ ನಾವೂ ಕೇಳಿಕೊಳ್ಳುತ್ತಿದ್ದೇವೆ.

ಆದ್ದರಿಂದ ನಮ್ಮ ಸಲಹೆ ಇದು. ಪ್ರತಿ ಜಮಾಅತ್‌ನಲ್ಲಿ ವರ್ಷಕ್ಕೆ ಎರಡು ಸಲ, ನವೆಂಬರಿನಲ್ಲಿ ಕಥೆ-ಸಾಹಿತ್ಯದ ಪುಸ್ತಕಗಳಿಗೆ, ಮೇ ತಿಂಗಳಲ್ಲಿ ಶಾಲೆಯ ಪುಸ್ತಕಗಳಿಗೆ, ಒಂದು ಪಟ್ಟಿಯಾಗಲಿ. ಪಟ್ಟಿ ಬರೆಯುವ ಕೆಲಸ ಹೆಣ್ಣುಮಕ್ಕಳಿಗೆ ಕೊಡಿ. ಯಾವ ಮಗುವಿಗೆ ಯಾವ ಪುಸ್ತಕ ಇಲ್ಲ ಎಂದು ಗೊತ್ತಿರುವುದು ಅವರಿಗೇ. ಯಾವ ಮನೆಯಲ್ಲಿ ಹಳೆಯ ಪಠ್ಯ ಖಾಲಿ ಬಿದ್ದಿದೆ ಎಂಬುದೂ ಅದೇ ಪಟ್ಟಿಯಲ್ಲಿ ಬರಲಿ. ಕೊಳ್ಳಬೇಕಾದದ್ದು ಎಷ್ಟು ಎಂದು ಗೊತ್ತಾದ ಮೇಲೆ ದುಡ್ಡು ಸೇರಿಸಿ. ಒಬ್ಬರು ಲೆಕ್ಕ ಬರೆಯಲಿ, ಬಿಲ್ಲನ್ನು ಎಲ್ಲರಿಗೂ ತೋರಿಸಲಿ. ಕೊಡಲಾಗದ ಮನೆಯ ಹೆಸರನ್ನು ಹೇಳದೆ, ಉಳಿದ ರಿಯಾಯಿತಿಯ ದುಡ್ಡಿನಿಂದಲೇ ಆ ಮಗುವಿನ ಪುಸ್ತಕ ಬರಲಿ.

ಇನ್ನೊಂದು ಮಾತು. ಆ ಪಟ್ಟಿಯನ್ನು ಹಿಡಿದುಕೊಂಡು ಮೊದಲು ನಿಮ್ಮೂರಿನ ಪುಸ್ತಕದ ಅಂಗಡಿಗೇ ಹೋಗಿ. ಪ್ರಕಾಶಕರಿಂದ ಅಂಗಡಿಯವರಿಗೆ ಕಮಿಷನ್ ಇರುತ್ತದೆ. ಒಂದು ಪುಸ್ತಕ ಕೇಳಿದರೆ ಅವರು ಏನೂ ಬಿಡಲಾರರು. ನಲ್ವತ್ತು ಪುಸ್ತಕದ ಪಟ್ಟಿ ಕೊಟ್ಟರೆ ತರಿಸಿಯೂ ಕೊಡುತ್ತಾರೆ, ಒಂದಿಷ್ಟು ಬಿಟ್ಟೂ ಕೊಡುತ್ತಾರೆ. ಜೂನ್‌ನಲ್ಲಿ ನಾಲ್ಕು ಮಕ್ಕಳ ನೋಟ್‌ಬುಕ್‌ಗಳನ್ನು ‘ಆಮೇಲೆ ಕೊಡಿ’ ಎಂದು ಉದ್ರಿ ಕೊಡುವುದು ಆ ಅಂಗಡಿಯವರೇ ಹೊರತು ಆನ್‌ಲೈನ್‌ನವರಲ್ಲ. ಅವರಿಂದ ಆಗದಿದ್ದರೆ ಮಾತ್ರ ಹೊರಗಿನಿಂದ ತರಿಸಿ.

ದೊಡ್ಡ ಸಂಘ ಕಟ್ಟುವ ಕೆಲಸ ಇದಲ್ಲ. ಒಂದು ಹಾಳೆ, ಒಂದು ಪೆನ್ನು, ಹತ್ತು ಮನೆಯವರ ಒಪ್ಪಿಗೆ ಇಷ್ಟೇ ಬೇಕಾದದ್ದು. ಈ ವಾರವೇ ಶುರುವಾಗಲಿ. ತಡವಾದರೆ ರಿಯಾಯಿತಿಯ ತಿಂಗಳು ಮುಗಿದುಹೋಗುತ್ತದೆ.