ನಮ್ಮೂರ ನೆತ್ತಿ ಮೇಲಿನ ಗೆರೆ

ಎರಡು ವಿಮಾನ ನಿಲ್ದಾಣಗಳ ನಡುವೆ ಎಷ್ಟು ದೂರ ಅಂತ ಕೇಳಿದ್ರೆ ಕಂಪ್ಯೂಟರ್ ಥಟ್ಟನೆ ಹೇಳಿಬಿಡುತ್ತೆ. ಅಕ್ಷಾಂಶ, ರೇಖಾಂಶ ತಗೊಂಡು ಹ್ಯಾವರ್ಸೈನ್ ಸೂತ್ರಕ್ಕೆ ಹಾಕಿದ್ರಾಯ್ತು, ನಾಲ್ಕು ಸಾಲಿನ ಪ್ರೋಗ್ರಾಂ. ತೋರಣಗಲ್ಲಿನ ಜಿಂದಾಲ್ ವಿದ್ಯಾನಗರ ನಿಲ್ದಾಣದಿಂದ ಕಲಬುರಗಿ ನಿಲ್ದಾಣಕ್ಕೆ ನೆಟ್ಟಗೆ ಗೆರೆ ಎಳೆದರೆ ಸುಮಾರು 240 ಕಿ.ಮೀ. ಮಜಾ ಏನಂದ್ರೆ, ಆ ಗೆರೆ ಹೆಚ್ಚುಕಡಿಮೆ ನಮ್ಮ ಸಿಂಧನೂರಿನ ನೆತ್ತಿ ಮೇಲೇ ಹೋಗುತ್ತೆ! ಮಸ್ಕಿ, ಲಿಂಗಸುಗೂರು ಸ್ವಲ್ಪ ಪಶ್ಚಿಮಕ್ಕೆ.

ಇನ್ನು ಸಮಯ. ಸಣ್ಣ ಊರುಗಳಿಗೆ ಹಾರೋ ಎಟಿಆರ್ ವಿಮಾನದ ವೇಗ ಗಂಟೆಗೆ ಸುಮಾರು 500 ಕಿ.ಮೀ. ಭಾಗಿಸಿ ನೋಡಿ, ಅರ್ಧ ಗಂಟೆ. ಆದ್ರೆ ವಿಮಾನ ರನ್‌ವೇವರೆಗೆ ಉರುಳಬೇಕು, ಮೇಲೇರಬೇಕು, ಇಳಿಯೋಕೆ ಸುತ್ತು ಹಾಕಬೇಕು. ಮುಕ್ಕಾಲು ಗಂಟೆಯಾದ್ರೂ ಬೇಕು. ದೂರ ಕಮ್ಮಿಯಾದಷ್ಟೂ ಹಾರೋದಕ್ಕಿಂತ ಹಾರೋ ತಯಾರಿಯೇ ಜಾಸ್ತಿ.

ಲಿಂಗಸುಗೂರಿನ ರೈತರೊಬ್ಬರಿಗೆ ಕಲಬುರಗಿ ಹೈಕೋರ್ಟ್ ಪೀಠದಲ್ಲಿ ಕೇಸಿದೆ ಅಂತಿಟ್ಟುಕೊಳ್ಳಿ. ಈ ಎರಡು ನಿಲ್ದಾಣಗಳ ನಡುವೆ ನೇರ ವಿಮಾನವೂ ಇದೆ ಅನ್ನೋಣ. ಕಲಬುರಗಿ ಇರೋದು ಉತ್ತರಕ್ಕೆ, ಅವರು ಮೊದಲು ದಕ್ಷಿಣಕ್ಕೆ ಹೊರಡಬೇಕು! ತುಂಗಭದ್ರೆ ದಾಟಿ ತೋರಣಗಲ್ಲಿಗೆ ಮೂರು ಗಂಟೆ ಹಿಡಿಯಿರಿ. ಒಂದು ಗಂಟೆ ಮುಂಚೆ ಹಾಜರಾಗಬೇಕು. ವಿಮಾನ ಮುಕ್ಕಾಲು ಗಂಟೆ. ಅಲ್ಲಿ ನಿಲ್ದಾಣ ಊರಾಚೆ, ಇನ್ನೊಂದು ಮುಕ್ಕಾಲು ಗಂಟೆ. ಒಟ್ಟು ಐದೂವರೆ ಗಂಟೆ. ಬಸ್ಸು ಹತ್ತಿದ್ರೆ ನಾಲ್ಕು ಗಂಟೆ ಚಿಲ್ಲರೆಗೆ ಕಲಬುರಗಿಯಲ್ಲಿರ್ತಾರೆ, ಖರ್ಚೂ ಕಮ್ಮಿ.

ವಿಮಾನ ಬೇಡ ಅಂತ ನಾನು ಹೇಳ್ತಿಲ್ಲ. ಹೈದರಾಬಾದ್, ಬೆಂಗಳೂರಿಗೆ ತುರ್ತಾಗಿ ಹೋಗೋರಿಗೆ ಅದು ಬೇಕು. ಆದ್ರೆ ಅದನ್ನೇ ನಂಬಿ ಕೂರೋ ಹಾಗಿಲ್ಲ. ಉಡಾನ್ ಯೋಜನೆಯಲ್ಲಿ 2017ರಲ್ಲಿ ವಿದ್ಯಾನಗರಕ್ಕೆ ಬಂದ ಟ್ರೂಜೆಟ್ ಕಂಪನಿಯೇ 2022ರಲ್ಲಿ ಹಾರಾಟ ನಿಲ್ಲಿಸಿತು. ಉಡಾನ್ ಸಹಾಯಧನ ಇರೋದೇ ಮೂರು ವರ್ಷಕ್ಕೆ. ಆಮೇಲೆ ಸೀಟು ತುಂಬಿದ್ರೆ ಉಂಟು, ಇಲ್ಲದಿದ್ರೆ ಇಲ್ಲ.

ಈಗ ರೈಲಿನ ಕಥೆ ನೋಡಿ. ಗಿಣಿಗೇರಾ–ಮಹಬೂಬ್‌ನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997ರ ಸುಮಾರಿಗೆ. ಸಿಂಧನೂರು ರೈಲು ಕಂಡಿದ್ದು 2024ರಲ್ಲಿ! ಆಗ ಹುಟ್ಟಿದ ಮಗು ಓದು ಮುಗಿಸಿ, ಬೆಂಗಳೂರಿಗೆ ಹೋಗಿ, ನನ್ನ ಹಾಗೆ ಕೀಬೋರ್ಡ್ ಕುಟ್ಟುತ್ತಾ ಕೂತಿರುತ್ತೆ. ಲಿಂಗಸುಗೂರು ಮೂಲಕ ಹೋಗೋ ಗದಗ–ವಾಡಿ ಮಾರ್ಗದಲ್ಲಿ 2025ರ ಮೇನಲ್ಲಿ ಕುಷ್ಟಗಿಗೆ ರೈಲು ಬಂತು. ಹಟ್ಟಿ ಚಿನ್ನದ ಗಣಿ ಇರೋ ತಾಲ್ಲೂಕಿಗೆ, ಅಶೋಕನ ಹೆಸರೇ ಇರೋ ಶಾಸನ 1915ರಲ್ಲಿ ಸಿಕ್ಕ ಮಸ್ಕಿಗೆ ಇಷ್ಟು ತಡವೇ?

ಗುಳೆ ಹೋಗೋ ನಮ್ಮ ಜನಕ್ಕೆ, ಆಸ್ಪತ್ರೆಗೆ ಓಡೋರಿಗೆ ದೂರ ಶುರುವಾಗೋದು ರನ್‌ವೇಯಿಂದ ಅಲ್ಲ, ಮನೆ ಬಾಗಿಲಿನಿಂದ. ಯೋಜನೆ ಮಾಡೋರು ಅಲ್ಲಿಂದಲೇ ಅಳೆಯಲಿ. ಆಗ ಮೊದಲು ಬೇಕಾಗಿರೋದು ರೈಲು, ಆಮೇಲೆ ನೆಟ್ಟಗಿನ ರಸ್ತೆ, ಹೊತ್ತಿಗೆ ಸರಿಯಾಗಿ ಬರೋ ಬಸ್ಸು ಅಂತ ತಾನಾಗೇ ಗೊತ್ತಾಗುತ್ತೆ. ನೆತ್ತಿ ಮೇಲಿನ ಗೆರೆ ನೋಡೋಕೆ ಚೆಂದ, ಹತ್ತೋಕೆ ಮಾತ್ರ ಆಗಲ್ಲ.

ಏನಂತೀರಿ?