ಅಳೆಯದೆ ಉಬ್ಬಿದ ಕಪ್ಪೆ

ಈಸೋಪನ ಹೆಸರಿನಲ್ಲಿ ಪ್ರಚಲಿತವಾಗಿರುವ ಕಥೆಗಳ ಪೈಕಿ ಕಪ್ಪೆ ಮತ್ತು ಎತ್ತಿನ ಕಥೆಯನ್ನು ಕೇಳದ ವಿದ್ಯಾರ್ಥಿಗಳು ವಿರಳ. ಎತ್ತೊಂದನ್ನು ಕಂಡ ಮರಿಗಪ್ಪೆಗಳು ತಾಯಿಯ ಬಳಿಗೆ ಬಂದು ಅದರ ಗಾತ್ರವನ್ನು ಬಣ್ಣಿಸುತ್ತವೆ. ತಾಯಿಯು ಮೈಯುಬ್ಬಿಸಿ, "ಇಷ್ಟು ದೊಡ್ಡದಿತ್ತೇ?" ಎಂದು ಕೇಳುತ್ತದೆ. "ಇಲ್ಲಮ್ಮಾ, ಇನ್ನೂ ದೊಡ್ಡದು." ಮತ್ತೆ ಉಬ್ಬುತ್ತದೆ, ಮತ್ತೆ ಅದೇ ಉತ್ತರ. ಕಟ್ಟಕಡೆಗೆ ಹೊಟ್ಟೆ ಬಿರಿದು ಸಾಯುತ್ತದೆ. ಪಾಠ ಹೇಳುವವರು ಇದಕ್ಕೆ "ಹಾಸಿಗೆ ಇದ್ದಷ್ಟು ಕಾಲು ಚಾಚು" ಎಂಬ ಗಾದೆಯನ್ನು ಸೇರಿಸಿ ಪುಸ್ತಕ ಮುಚ್ಚುವುದು ವಾಡಿಕೆ.

ಈ ನೀತಿಗೆ ನನ್ನ ಆಕ್ಷೇಪಣೆಯುಂಟು. ಸಣ್ಣವನು ಸಣ್ಣವನಾಗಿಯೇ ಇರತಕ್ಕದ್ದು ಎಂಬ ಅರ್ಥ ಅದರಿಂದ ಹೊರಡುತ್ತದೆ. ಹಳ್ಳಿಯಿಂದ ಕಾಲೇಜಿಗೆ ಬಂದ ಹುಡುಗ ಹುಡುಗಿಯರಿಗೆ ಇಂತಹ ಮಾತನ್ನು ಬೋಧಿಸುವುದು ಅನ್ಯಾಯ. ಹಾಸಿಗೆಯ ಉದ್ದ ತಿಳಿಯಬೇಕಾದರೂ ಅದನ್ನು ಅಳೆಯಬೇಕಷ್ಟೆ? ಕಪ್ಪೆ ಮಾಡದೆ ಹೋದುದು ಅದನ್ನೇ. ರೋಮಿನ ಫೀದ್ರಸ್ ಕವಿ ಹೇಳುವ ಕಥೆಯಲ್ಲಿ ಕಪ್ಪೆಯು ಎತ್ತನ್ನು ಸ್ವತಃ ಕಂಡು ಅಸೂಯೆಪಡುತ್ತದೆ. ಬಾಬ್ರಿಯಸನ ಗ್ರೀಕ್ ಕಥೆಯಲ್ಲಾದರೋ ಮರಿಗಳ ವರದಿಯೊಂದೇ ಅದಕ್ಕೆ ಆಧಾರ. ನಾನು ಮೆಚ್ಚುವುದು ಎರಡನೆಯದನ್ನು. ಕಣ್ಣಾರೆ ಕಂಡುಬಂದ ಮರಿಗಳು ಪ್ರತಿ ಸಲವೂ ನಿಜವನ್ನೇ ನುಡಿದವು. ಕಾಣದ ತಾಯಿಗೆ ಮಾತ್ರ ತನ್ನ ಊಹೆಯಲ್ಲಿ ಅಪಾರ ನಂಬಿಕೆ. ಅಪಕ್ವತೆಯೆಂದರೆ ವಯಸ್ಸಿನ ಕೊರತೆಯೆಂದು ನಾವು ತಿಳಿದಿದ್ದೇವೆ. ಈ ಕಥೆಯಲ್ಲಿ ಅಪಕ್ವರು ಯಾರು?

ಲೆಕ್ಕವನ್ನೂ ನೋಡೋಣ. ಕಪ್ಪೆಯ ಉದ್ದ 10 ಸೆಂಟಿಮೀಟರು, ಎತ್ತಿನದು 2 ಮೀಟರು ಎಂದಿಟ್ಟುಕೊಳ್ಳಿ. ಆಕಾರ ಬದಲಾಗದೆ ಕಪ್ಪೆ 20 ಪಟ್ಟು ಬೆಳೆದರೆ ಅದರ ಚರ್ಮದ ವಿಸ್ತೀರ್ಣವೂ ಎಲುಬಿನ ಅಡ್ಡಕೊಯ್ತದ ವಿಸ್ತೀರ್ಣವೂ 400 ಪಟ್ಟಾಗುತ್ತವೆ. ತೂಕವಾದರೋ 8,000 ಪಟ್ಟು. ಎಂದರೆ ಎಲುಬಿನ ಪ್ರತಿ ಚದರ ಸೆಂಟಿಮೀಟರಿನ ಮೇಲೆ ಮೊದಲಿನ 20 ಪಟ್ಟು ಭಾರ. ಗೆಲಿಲಿಯೋ ಈ ತತ್ತ್ವವನ್ನು 1638ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ವಿವರಿಸಿದನು. ಇಂದು ಜೀವಿಸಿರುವ ಕಪ್ಪೆಗಳಲ್ಲೆಲ್ಲ ದೊಡ್ಡದಾದ ಆಫ್ರಿಕದ ಗೋಲಿಯತ್ ಕಪ್ಪೆಯ ಉದ್ದವೂ ಸುಮಾರು 30 ಸೆಂಟಿಮೀಟರು, ತೂಕ ಸುಮಾರು 3 ಕಿಲೋಗ್ರಾಂ. ನಮ್ಮ ಕಪ್ಪೆ ಬೆಳೆಯಲಿಲ್ಲ, ಬರಿಯ ಗಾಳಿಯಿಂದ ಉಬ್ಬಿತು ಎನ್ನುವಿರಾ? ಆಗ ತೂಕ ಹೆಚ್ಚದು, ನಿಜ. ಆದರೆ ಇದ್ದ ಚರ್ಮವೇ 400 ಪಟ್ಟು ವಿಸ್ತೀರ್ಣವನ್ನು ಹೊದಿಸಬೇಕಾದರೆ ಅದರ ದಪ್ಪ 400ರಲ್ಲಿ ಒಂದು ಪಾಲಿಗೆ ಇಳಿಯಬೇಕು. ಬಿರಿಯದೆ ಏನು ಮಾಡೀತು!

ಈ ವಿಪತ್ತು ಕಪ್ಪೆಗಳಿಗೆ ಮಾತ್ರ ಮೀಸಲಲ್ಲ. ಕೆನಡಾ ದೇಶದ ಕ್ವಿಬೆಕ್ ನಗರದ ಬಳಿ ಸೇಂಟ್ ಲಾರೆನ್ಸ್ ನದಿಗೆ ಉಕ್ಕಿನ ಸೇತುವೆಯೊಂದನ್ನು ಯೋಜಿಸಿದಾಗ ಅದರ ನಡುವಣ ಅಂಕಣದ ಉದ್ದ 1,600 ಅಡಿಗಳೆಂದಿತ್ತು. 1900ರಲ್ಲಿ ಅದನ್ನು 1,800 ಅಡಿಗಳಿಗೆ ಹೆಚ್ಚಿಸಿದರು. ಅಂಕಣ ಉದ್ದವಾದಂತೆ ಸೇತುವೆಯು ಹೊರಬೇಕಾದ ತನ್ನದೇ ತೂಕವೂ ಏರುತ್ತದೆ. ಆ ತೂಕವನ್ನು ಕಾಲಕ್ಕೆ ಸರಿಯಾಗಿ ಮರುಲೆಕ್ಕ ಹಾಕಲಿಲ್ಲ. ಸಲಹೆಗಾರರಾಗಿದ್ದ ಥಿಯೊಡೋರ್ ಕೂಪರ್ ಅಮೆರಿಕದ ಹೆಸರಾಂತ ಸೇತುವೆ ಎಂಜಿನಿಯರು; ಅವರು ಇದ್ದುದು ದೂರದ ನ್ಯೂಯಾರ್ಕಿನಲ್ಲಿ. 1907ರ ಆಗಸ್ಟಿನಲ್ಲಿ ಕೆಳಭಾಗದ ಉಕ್ಕಿನ ಅಂಗಗಳು ಬಾಗತೊಡಗಿದವು. ಸ್ಥಳದಲ್ಲಿದ್ದ ಯುವ ಎಂಜಿನಿಯರ್ ನಾರ್ಮನ್ ಮೆಕ್ಲೂರ್ ಬಾಗುವಿಕೆಯನ್ನು ಅಳೆದು ಪತ್ರ ಬರೆದರು. ಬಾಗು ಎರಡು ಅಂಗುಲವನ್ನು ಮೀರಿದಾಗ ಸ್ವತಃ ನ್ಯೂಯಾರ್ಕಿಗೆ ಹೋದರು. ಕೂಪರ್ ಆಗ ಅಪಾಯವನ್ನರಿತು, ಇನ್ನು ಭಾರ ಸೇರಿಸಕೂಡದೆಂದು ತಂತಿ ಕಳುಹಿಸಿದರು. ಆದರೆ ತಂತಿ ಹೋದುದು ಉಕ್ಕಿನ ಕಂಪನಿಯ ಕಚೇರಿಗೆ, ಕೆಲಸ ನಡೆಯುತ್ತಿದ್ದ ನದಿಯ ದಡಕ್ಕಲ್ಲ. ಆಗಸ್ಟ್ 29ರ ಅದೇ ಸಂಜೆ ಸೇತುವೆ ಕುಸಿದು 75 ಮಂದಿ ಮಡಿದರು.

ಗಾದೆಯ ನೀತಿಯೇ ಸರಿಯಾಗಿದ್ದರೆ, ಅಲ್ಲಿನವರು 1,800 ಅಡಿಗಳ ಆಸೆಯನ್ನು ಅಂದೇ ಬಿಡಬೇಕಾಗಿತ್ತು. ಅವರು ಬಿಡಲಿಲ್ಲ. ಲೆಕ್ಕವನ್ನು ಮೊದಲಿನಿಂದ ಹಾಕಿ, ಬಹಳ ದಪ್ಪನಾದ ಅಂಗಗಳಿಂದ ಹೊಸ ಸೇತುವೆಯನ್ನು ಕಟ್ಟಲು ಹೊರಟರು. 1916ರಲ್ಲಿ ನಡುವಣ ಭಾಗವನ್ನು ಮೇಲೆತ್ತುವಾಗ ಅದು ನದಿಗೆ ಬಿದ್ದು ಇನ್ನೂ 13 ಮಂದಿ ಸತ್ತರು. ಆದರೂ 1917ರಲ್ಲಿ ಕೆಲಸ ಮುಗಿಯಿತು. ಅಂಕಣದ ಉದ್ದ ಅದೇ 1,800 ಅಡಿ. ಕ್ಯಾಂಟಿಲಿವರ್ ಸೇತುವೆಗಳಲ್ಲಿ ಅದಕ್ಕಿಂತ ಉದ್ದವಾದ ಅಂಕಣ ಜಗತ್ತಿನಲ್ಲಿ ಇಂದಿಗೂ ಇಲ್ಲ. ರೈಲುಗಳು ಅದರ ಮೇಲೆ ಓಡುತ್ತಲೇ ಇವೆ.